ತಮ್ಮನ ಟೈಗೆ ಗಂಟು ಹಾಕಿದ್ದು

ತಮ್ಮನ ಮದುವೆಗೆ ಇನ್ನು ಎರಡು ವಾರ ಇದೆ ಅನ್ನುವಾಗ ಅಮ್ಮ ಅವನ ಟೈಯ ಗಂಟು ಬಿಚ್ಚಿಬಿಟ್ಟಳು. ಬಿಚ್ಚಿದ್ದಷ್ಟೇ ಅಲ್ಲ, ಮೇಲೊಂದು ತೆಳು ಪಂಚೆ ಹಾಸಿ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿ, ಬೀರುವಿನಲ್ಲಿ ತನ್ನ ರೇಷ್ಮೆ ಸೀರೆಗಳ ಮಧ್ಯೆ ಇಟ್ಟಿದ್ದಳು.

ಆ ಭಾನುವಾರ ನಾನು ಮದುವೆ ಬಟ್ಟೆ ನೋಡಲೆಂದು ಕೊರಟಗೆರೆಯಿಂದ ಮಧುಗಿರಿಯ ತವರುಮನೆಗೆ ಹೋಗಿದ್ದೆ. ತಮ್ಮ ಸೂಟನ್ನು ತೆಗೆದು ಮಂಚದ ಮೇಲೆ ಹರಡಿದ. ಕಡುನೀಲಿ ಕೋಟು, ಪ್ಯಾಂಟು, ಬಿಳಿ ಅಂಗಿ ಎಲ್ಲ ಇತ್ತು, ಟೈ ಇರಲಿಲ್ಲ. "ಟೈ ಎಲ್ಲಮ್ಮ?" ಅಂದ. ಅಮ್ಮ ಬೀರು ತೆಗೆದು, ಮಡಿಸಿದ ಟೈಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಗಂಟು ಬಿದ್ದೋಗಿತ್ತು ಕಣ್ಲಾ. ಬಿಚ್ಚಾದ್ರೊಳಗೆ ಸಾಕುಸಾಕಾಯ್ತು. ಈಗ ನೋಡು ಹೆಂಗೈತೆ, ಒಂದು ಸುಕ್ಕಿಲ್ಲ."

ತಮ್ಮ ಕೋಟಿನ ಪಕ್ಕದಲ್ಲಿ ಹಾಗೇ ಕೂತುಬಿಟ್ಟ. ತಮ್ಮ ಒಬ್ಬನೇ ಸೂಟು ತರಲು ಹೋದಾಗ ಅಂಗಡಿಯಲ್ಲಿ ಒಬ್ಬ ಹುಡುಗ ಆ ಗಂಟನ್ನು ಹಾಕಿಕೊಟ್ಟು, ಇದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಸಡಿಲ ಮಾಡಿಕೊಂಡು ತಲೆಯ ಮೇಲಿಂದ ಹಾಕಿಕೊಳ್ಳಿ, ತೆಗೆಯಿರಿ ಎಂದು ಎರಡು ಸಲ ಹೇಳಿ ಕಳಿಸಿದ್ದನಂತೆ. ಆ ಮಾತನ್ನು ತಮ್ಮ ಅಮ್ಮನಿಗೆ ಹೇಳಿರಲಿಲ್ಲ. ಅವಳ ಬದುಕಿನಲ್ಲಿ ಗಂಟು ಎಂದರೆ ಬಿಚ್ಚಬೇಕಾದದ್ದೇ. ಅವಳ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ?

ನಮ್ಮ ಮನೆಯಲ್ಲಿ ಆವರೆಗೆ ಯಾರೂ ಟೈ ಕಟ್ಟಿದವರಿರಲಿಲ್ಲ. ನಾನೂ ತಮ್ಮನೂ ಓದಿದ ಸರ್ಕಾರಿ ಶಾಲೆಯಲ್ಲಿ ಟೈ ಇರಲಿಲ್ಲ. ನನ್ನ ಮಗಳ ಶಾಲೆಯಲ್ಲಿ ಇದೆ, ಆದರೆ ಅದು ಎಲಾಸ್ಟಿಕ್ಕಿನದು, ಗಂಟು ಹಾಕಿಯೇ ಮಾರುತ್ತಾರೆ. ತಮ್ಮನಿಗೆ ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ನೂರಾರು ಸುತ್ತು ತಾಮ್ರದ ತಂತಿಯನ್ನು ಒಂದು ಸುತ್ತೂ ತಪ್ಪದಂತೆ ಸುತ್ತುತ್ತಾನೆ. ಅವನು ಆ ಟೈಯನ್ನು ಕೊರಳಿಗೆ ಹಾಕಿಕೊಂಡು ಮೂರು ಸುತ್ತು ಸುತ್ತಿದ, ಎಳೆದ, ಅದು ಬಾವಿಗೆ ಬಿಂದಿಗೆ ಇಳಿಸುವ ಕುಣಿಕೆಯಂತಾಯಿತು.

"ಬುಡಕ್ಕ, ಕಾಲರ್ ಗುಂಡಿ ಹಾಕ್ಕಂಡು ಹಂಗೇ ನಿಂತ್ಕತೀನಿ. ಇಲ್ದಿದ್ರೆ ಜಿಪ್ಪಿಂದು ರೆಡಿಮೇಡ್ ಟೈ ಒಂದು ತಂದ್ರಾಯ್ತು."

"ಅಂಗಡಿಯೋರತ್ರ ಹೋಗಿ ಇನ್ನೊಂದ್ಸಲ ಹಾಕುಸ್ಕಂಡು ಬರಬಾರ್ದಾ?"

"ಆ ಹುಡುಗ ಕೆಲಸ ಬುಟ್ಟು ಹೋಗವ್ನಂತೆ. ನಿನ್ನೆ ಆ ಕಡೆ ಹೋಗಿದ್ದೆ, ಅಂಗಡಿಯೋರೇ ಅಂದ್ರು. ಉಳಿದೋರಿಗೆ ಬರಲ್ಲ."

ನಾನು ಟೈಯನ್ನು ಕೈಗೆ ತೆಗೆದುಕೊಂಡೆ. ಮರೂನ್ ಬಣ್ಣ, ಅದರ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಬಿಳಿ ಚುಕ್ಕೆ. ಸೂಟು ಕೊಡಿಸಿದ್ದು ಹೆಣ್ಣಿನ ಕಡೆಯವರು. ಕೋಟಿನ ಬಣ್ಣವನ್ನು ಹುಡುಗಿಯ ಅಪ್ಪ ಆರಿಸಿದರಂತೆ. ಟೈಯನ್ನು ಮಾತ್ರ ಹುಡುಗಿಯೇ, ಹತ್ತಾರು ತೆಗೆಸಿ ನೋಡಿ, ರೆಡಿಮೇಡ್ ಗಂಟಿನದು ಬೇಡವೇ ಬೇಡ ಎಂದು ಹೇಳಿ, ಇದನ್ನು ಆರಿಸಿದ್ದಳಂತೆ. ಆಕೆ ಪಾವಗಡದವಳು. ವಳ್ಳೂರಿನ ಹತ್ತಿರ ಒಂದು ಸೋಲಾರ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಕೆಲಸ. ನಾನು ಆಕೆಯನ್ನು ನಿಶ್ಚಿತಾರ್ಥದ ದಿನ ಒಂದೇ ಸಲ ನೋಡಿದ್ದೆ. ಆಗ ಹೆಚ್ಚು ಮಾತಾಡಿರಲಿಲ್ಲ. ಆದರೆ ಹತ್ತಾರರಲ್ಲಿ ಇದನ್ನೇ ಆರಿಸಿದ ಕಣ್ಣು ನನಗೆ ಹಿಡಿಸಿತು.

"ಅವಳು ಇಷ್ಟಪಟ್ಟು ತಂದಿರಾದು. ಕಟ್ಕಂಡೇ ನಿಂತ್ಕಬೇಕು. ನಾನು ಕಲ್ತು ಕಟ್ತೀನಿ," ಎಂದೆ.

ಬಾಯಿಂದ ಮಾತು ಬಂದಾಗಿತ್ತು. ಹದಿನೆಂಟು ವರ್ಷದಿಂದ ಕೊರಟಗೆರೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೇನೆ. ಬ್ಲೌಸು, ಚೂಡಿದಾರ್, ಲಂಗ. ಹೊಸ ನಮೂನೆ ಬಂದರೆ ಹಳೆಯದನ್ನು ಬಿಚ್ಚಿ ನೋಡಿ ಕಲಿಯುವುದು ನನ್ನ ಅಭ್ಯಾಸ. ಇದೂ ಬಟ್ಟೆಯೇ ತಾನೇ ಅನ್ನಿಸಿತು. ಮನೆಗೆ ಹೋಗುವ ಬಸ್ಸಿನಲ್ಲಿ ಟೈ ಇದ್ದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೊರಟಗೆರೆ ಬರುವವರೆಗೂ ಮುಚ್ಚಳ ತೆಗೆಯುವುದು, ನೋಡುವುದು, ಮುಚ್ಚುವುದು ಇದೇ ಆಯಿತು.

ಮನೆಯಲ್ಲಿ ಫೋನಿನಲ್ಲಿ ವಿಡಿಯೋ ಹಾಕಿ, ಕನ್ನಡಿಯ ಮುಂದೆ ನಿಂತೆ. ಫೋನಿನ ಮನುಷ್ಯ ನನ್ನ ಕಡೆ ಮುಖ ಮಾಡಿ ಬಲಗೈಯಲ್ಲಿ ಹಿಡಿದದ್ದು ನನಗೆ ಎಡಗಡೆ ಕಾಣುತ್ತಿತ್ತು. ಅದನ್ನು ನೋಡಿ ನಾನು ಕನ್ನಡಿಗೆ ತಿರುಗಿದರೆ ಅದು ಇನ್ನೊಂದು ಸಲ ಅದಲುಬದಲಾಗುತ್ತಿತ್ತು. ಅವನು ಮೇಲೆ ಹಾಕಿದ್ದನ್ನು ನಾನು ಕೆಳಗೆ ಹಾಕುತ್ತಿದ್ದೆ. ಹತ್ತು ನಿಮಿಷದಲ್ಲಿ ಕೈಗಳು ಬೆವೆತವು. ರೇಷ್ಮೆಯ ಮೇಲೆ ಬೆವರಿನ ಕಲೆ ಬಿದ್ದರೆ ಏನು ಗತಿ ಎಂದು ಹೆದರಿ ಟೈಯನ್ನು ಡಬ್ಬಿಗೆ ಹಾಕಿದೆ.

ಆಗ ಹೊಳೆಯಿತು, ಕಲಿಯುವುದಕ್ಕೆ ಅದೇ ಟೈ ಯಾಕೆ ಬೇಕು? ಅಳತೆ ತೆಗೆದು ನಾನೇ ಒಂದು ಹೊಲಿಯಬಹುದಲ್ಲ.

ನನ್ನ ಹೊಲಿಗೆ ಅಂಗಡಿಯಲ್ಲಿ ಯಾರದೋ ಬ್ಲೌಸಿಗೆ ತಂದು ಉಳಿದಿದ್ದ ಹಸಿರು ಬಟ್ಟೆ ಇತ್ತು. ಅಗಲದ ತುದಿ, ಸಣ್ಣ ತುದಿ, ಮಧ್ಯದ ಕೊರಳಿನ ಭಾಗ ಮೂರನ್ನೂ ಅಳೆದು, ಉದ್ದಕ್ಕೆ ನೇರವಾಗಿ ಕತ್ತರಿಸಿ ಹೊಲಿದೆ. ಕೊರಳಿಗೆ ಸುತ್ತಿದರೆ ಅದು ಹುರಿಯಂತೆ ತಿರುಚಿಕೊಂಡಿತು. ಜೋತುಬಿಟ್ಟರೆ ಒಂದು ಪಕ್ಕಕ್ಕೆ ಸೊಟ್ಟಗೆ ತಿರುಗಿತು. ಎಲ್ಲಿ ತಪ್ಪಿತು ಎಂದು ಮರೂನ್ ಟೈಯನ್ನು ಬೆಳಕಿಗೆ ಹಿಡಿದು, ನೂಲು ಹೋಗಿರುವ ದಿಕ್ಕನ್ನು ಬೆರಳಿನಲ್ಲಿ ಸವರಿ ನೋಡಿದೆ. ನೂಲುಗಳು ನೇರವಾಗಿರಲಿಲ್ಲ, ಓರೆಯಾಗಿ ಓಡಿದ್ದವು. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಗೆ ಕತ್ತರಿಸಿದ್ದರು. ನಾವು ಬ್ಲೌಸಿನ ಕತ್ತಿಗೆ ಪೈಪಿಂಗ್ ಕೊಡುವಾಗ ಪಟ್ಟಿಯನ್ನು ಓರೆಗೇ ಕತ್ತರಿಸುತ್ತೇವೆ, ಆಗ ಅದು ದುಂಡಗೆ ಬಾಗುತ್ತದೆ. ಆ ಗುಟ್ಟು ಇಲ್ಲೂ ಇತ್ತು. ಗಂಡಸರ ಕೋಟಿನ ಅಂಗಡಿಯ ದೊಡ್ಡ ವಿದ್ಯೆ ಎಂದುಕೊಂಡಿದ್ದದ್ದು ನನ್ನ ಕೈಗೆ ಮೊದಲೇ ಗೊತ್ತಿದ್ದ ಕೆಲಸ. ಖುಷಿಗೆ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಒಳಗೆ ಕ್ಯಾನ್ವಾಸ್ ಇಟ್ಟು, ಹಿಂದೆ ಸಡಿಲವಾಗಿ ಕೈಹೊಲಿಗೆ ಹಾಕಿ ಎರಡನೆಯದನ್ನು ಹೊಲಿದೆ. ಅದು ಕೊರಳಿನಲ್ಲಿ ಎರಡು ಕಡೆಯೂ ನೆಟ್ಟಗೆ ಇಳಿಯಿತು.

ಹೊಲಿಯುವುದು ಬಂತು, ಕಟ್ಟುವುದು ಬರಲಿಲ್ಲ. ಕಟ್ಟಿ ನೋಡಲು ಸಿಕ್ಕಿದ್ದು ನನ್ನ ಗಂಡನ ಕತ್ತು. ಅವರು ಕೊರಟಗೆರೆ, ತುಮಕೂರು ನಡುವೆ ಪ್ರೈವೇಟ್ ಬಸ್ ಓಡಿಸುತ್ತಾರೆ. ಬೆಳಗಿನ ಟ್ರಿಪ್ಪಿಗೆ ಹೊರಡುವ ಮುಂಚೆ ಕುರ್ಚಿಯಲ್ಲಿ ಕೂರಿಸಿ, ಖಾಕಿ ಅಂಗಿಯ ಕಾಲರಿನ ಕೆಳಗೆ ಹಸಿರು ಟೈ ಸುತ್ತುತ್ತಿದ್ದೆ.

"ನಿಧಾನ ಕಣೆ. ಈ ಕತ್ತು ಬಸ್ ಓಡ್ಸಕ್ಕೆ ಬೇಕು," ಅನ್ನುತ್ತಿದ್ದರು.

"ಅಲ್ಲಾಡ್ಬೇಡಿ, ಇನ್ನೊಂದೇ ಸುತ್ತು."

"ಹಿಂಗೇ ಮೂರು ದಿನದಿಂದ ಇನ್ನೊಂದೇ ಸುತ್ತು ಅಂತಿದೀಯ."

ಒಂದು ದಿನ ಅವರು ಗಂಟು ಬಿಚ್ಚಲು ಮರೆತು ಹಾಗೇ ಬಸ್ಸು ಹತ್ತಿಬಿಟ್ಟರು. ತುಮಕೂರು ಮುಟ್ಟುವವರೆಗೂ ಕಂಡಕ್ಟರು ಅವರನ್ನು ಮ್ಯಾನೇಜರ್ ಸಾಹೇಬ್ರೆ ಅಂತ ಕರೆದನಂತೆ. ಸಂಜೆ ಬಂದು ಅದನ್ನು ಹೇಳಿ ಅವರೂ ನಕ್ಕರು. ಆದರೆ ಆ ಗಂಟು ಗಂಟಾಗಿರಲಿಲ್ಲ, ಒಂದು ಮುದ್ದೆಯಾಗಿತ್ತು. ಎಳೆದರೆ ಜಾರುತ್ತಿರಲಿಲ್ಲ. ನನಗೆ ಒಳಗೊಳಗೇ ಅಳುಕು ಹತ್ತಿತು.

ಮದುವೆಗೆ ಆರು ದಿನ ಇರುವಾಗ ಅಮ್ಮನೂ ನಾನೂ ಸಿರಾಕ್ಕೆ ಹೋದೆವು, ಬ್ಯಾಂಡಿನವರಿಗೆ ವೀಳ್ಯ ಕೊಟ್ಟು ಬರಲು. ಅಮ್ಮನ ತವರು ಪಟ್ಟನಾಯಕನಹಳ್ಳಿಯ ಕಡೆ. ಆ ಕಡೆಯ ಮದುವೆಗಳಿಗೆಲ್ಲ ಸಿರಾದ ಆ ಬ್ಯಾಂಡೇ. ನನ್ನ ಮದುವೆಗೂ ಅವರೇ ಬಂದಿದ್ದರು. ಬ್ಯಾಂಡ್ ಮಾಸ್ಟರಿಗೆ ಈಗ ಎಪ್ಪತ್ತರ ಹತ್ತಿರ. ಬೆಳ್ಳಗೆ ಕತ್ತರಿಸಿದ ಗಡ್ಡ, ತೆಳ್ಳಗಿನ ಮೈ. ನಾವು ಹೋದಾಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಯಾವುದೋ ಮದುವೆಗೆ ಹೊರಡುವ ತಯಾರಿ ನಡೆದಿತ್ತು. ಗೋಡೆಯ ಮೇಲೆ ತುತ್ತೂರಿಗಳು, ಹಗ್ಗದ ಮೇಲೆ ಚಿನ್ನದ ಬಣ್ಣದ ಅಂಚಿನ ಕೆಂಪು ಕೋಟುಗಳು. ಒಂದು ಮೊಳೆಗೆ ಹನ್ನೆರಡು ಕಪ್ಪು ಟೈ ಗೊಂಚಲಾಗಿ ನೇತಾಡುತ್ತಿದ್ದವು.

ನನ್ನ ಕಣ್ಣು ಆ ಗೊಂಚಲಿನ ಮೇಲೇ ನಿಂತಿತು. ಅಮ್ಮ ವೀಳ್ಯ ಕೊಟ್ಟು ಮದುವೆ ಮನೆಯ ವಿಳಾಸ ಹೇಳುತ್ತಿದ್ದಳು. ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. "ಮಾಸ್ಟ್ರೇ, ಇವೆಲ್ಲ ಯಾರು ಕಟ್ಟಾದು?"

"ಅವು ಎಲಾಸ್ಟಿಕ್ ಅಮ್ಮಾ. ಹುಡುಗ್ರಿಗೆ ಸಬರ್ ಇಲ್ಲ, ತಾಳ್ಮೆ ಇಲ್ಲ, ಹಾಕ್ಕೊಂಡು ಓಡ್ತಾರೆ." ಆಮೇಲೆ ಕುರ್ಚಿಯ ಬೆನ್ನಿಗೆ ಹಾಕಿದ್ದ ಒಂದು ಟೈಯನ್ನು ತೋರಿಸಿದರು. ಅದಕ್ಕೆ ಗಂಟಿರಲಿಲ್ಲ. "ಇದು ನಂದು. ದಿನಾ ನಾನೇ ಕಟ್ತೀನಿ. ನಮ್ಮ ಅಬ್ಬಾ ಕಲಿಸಿದ್ದು. ಕ್ಲಾರಿನೆಟ್ ಕೈಗೆ ಕೊಡೋಕ್ ಮುಂಚೆ ಟೈ ಕೊಟ್ರು. ಮೊದ್ಲು ನೆಟ್ಟಗೆ ನಿಂತ್ಕೊಳ್ಳೋದು ಕಲಿ, ಆಮೇಲೆ ಊದು ಅಂದ್ರು."

ನಾನು ಬ್ಯಾಗಿನಿಂದ ಹಸಿರು ಟೈ ತೆಗೆದು ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ತಲೆ ತಗ್ಗಿಸಿ, "ತಪ್ಪು ನಂದೇ ಸಾಹೇಬ್ರೆ, ಬಿಚ್ಚಬಾರ್ದು ಅಂತ ಗೊತ್ತಾಗ್ಲಿಲ್ಲ," ಅಂದಳು.

"ಒಳ್ಳೇ ಕೆಲ್ಸ ಮಾಡಿದ್ರಿ ಅಮ್ಮಾ. ಗಂಟಲ್ಲೇ ಇಟ್ರೆ ರೇಷ್ಮೆ ಸಾಯ್ತದೆ. ಬಿಚ್ಚಿ ಇಡಬೇಕು," ಅಂದರು ಮಾಸ್ಟರು. ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. ಎಂಟು ದಿನದಿಂದ ಯಾರಾದರೂ ಆ ವಿಷಯ ಎತ್ತಿದರೆ ಅವಳು ಅಡುಗೆಮನೆಗೆ ಹೋಗಿಬಿಡುತ್ತಿದ್ದಳಂತೆ.

ಅವರು ಹಸಿರು ಟೈಯನ್ನು ತಿರುಗಿಸಿ ನೋಡಿ, ಯಾರು ಹೊಲಿದದ್ದು ಎಂದು ಕೇಳಿದರು. ನಾನೇ ಎಂದೆ. "ಕೈ ಚೆನ್ನಾಗಿದೆ. ಹಾಗಾದ್ರೆ ಕಟ್ಟೋದು ಯಾಕೆ ಬರಲ್ಲ? ಕಟ್ಟಿ ತೋರಿಸಿ."

ನಾನು ಸೀರೆಯ ಸೆರಗು ಸರಿಮಾಡಿಕೊಂಡು ಕತ್ತಿಗೆ ಟೈ ಹಾಕಿಕೊಂಡೆ. ಕೈ ತಾನಾಗಿ ಫೋನಿಗೆ ಹೋಯಿತು. ಅವರು ತಲೆ ಅಲ್ಲಾಡಿಸಿದರು.

"ಫೋನೂ ಬೇಡ, ಆಯ್ನಾನೂ ಬೇಡ. ಜಡೆ ಹೆಣೆಯೋವಾಗ ಬೆನ್ನ ಹಿಂದೆ ಕನ್ನಡಿ ಇಟ್ಕೋತೀರಾ?"

"ಇಲ್ಲ."

"ಮತ್ತೆ? ಕೈಗೆ ಗೊತ್ತಿರ್ತದೆ. ಕಣ್ಣು ಮುಚ್ಚಿ. ನಾನು ತಾಳ ಹಾಕ್ತೀನಿ, ನೀವು ಕೈ ಆಡಿಸಿ."

ಕಣ್ಣು ಮುಚ್ಚಿದೆ. ಅವರು ಪಕ್ಕದಲ್ಲಿದ್ದ ಡ್ರಮ್ಮಿನ ಅಂಚಿಗೆ ಬೆರಳಿನಿಂದ ಬಡಿಯುತ್ತಾ ಹೇಳಿದರು. "ಅಗಲದ್ದು ಬಲಕ್ಕೆ, ಒಂದು ಗೇಣು ಉದ್ದ ಇರ್ಲಿ. ಒಂದು, ಅಗಲದ್ದು ಸಣ್ಣದರ ಮೇಲೆ ಹೋಯ್ತು. ಎರಡು, ಹಿಂದೆ ಸುತ್ತಿ ಬಂತು. ಮೂರು, ಮತ್ತೆ ಮುಂದೆ ಹೋಯ್ತು, ಇಲ್ಲಿ ಒಂದು ಬೆರಳು ಒಳಗಿಟ್ಕೊಳ್ಳಿ, ಬೆರಳು ಮುಖ್ಯ. ನಾಲ್ಕು, ಕತ್ತಿನ ಹತ್ರ ಕೆಳಗಿಂದ ಮೇಲಕ್ಕೆ. ಈಗ ಬೆರಳು ಇರೋ ಸಂದಿಗೆ ಇಳಿಸಿ. ಬೆರಳು ತೆಗೀರಿ. ಎಳೀರಿ."

ಆ ಬೆರಳನ್ನು ನಾನು ಒಮ್ಮೆಯೂ ಇಟ್ಟಿರಲಿಲ್ಲ. ವಿಡಿಯೋದ ಮನುಷ್ಯ ಇಟ್ಟಿದ್ದನೋ ಏನೋ, ನನಗೆ ಕಂಡಿರಲಿಲ್ಲ. ಅದಿಲ್ಲದೆ ಪ್ರತಿ ಸಲವೂ ಟೈಯನ್ನು ಬೇರೆ ಸಂದಿಗೆ ತೂರಿಸುತ್ತಿದ್ದೆ. ಈಗ ಬೆರಳು ತೆಗೆದ ಜಾಗಕ್ಕೆ ಅಗಲದ ತುದಿ ಸರಾಗವಾಗಿ ಇಳಿಯಿತು. ಸಣ್ಣ ತುದಿಯನ್ನು ಹಿಡಿದು ಗಂಟನ್ನು ಮೇಲಕ್ಕೆ ತಳ್ಳಿದೆ. ಅದು ಜಾರಿತು. ನಯವಾಗಿ, ಎಲ್ಲೂ ಸಿಕ್ಕಿಕೊಳ್ಳದೆ ಜಾರಿ ಕತ್ತಿನ ಹತ್ತಿರ ಬಂದು ನಿಂತಿತು.

ಕಣ್ಣು ಬಿಟ್ಟೆ. ಅಮ್ಮ ಎದ್ದು ನಿಂತಿದ್ದಳು. "ಬಂದ್ಬುಡ್ತು ಕಣೆ," ಅಂದಳು. ಕೋಟು ತೊಡುತ್ತಿದ್ದ ಬ್ಯಾಂಡಿನ ಹುಡುಗರೂ ತಿರುಗಿ ನೋಡಿದರು. ಸೀರೆಯ ಮೇಲೆ ಹಸಿರು ಟೈ ಕಟ್ಟಿಕೊಂಡು ನಿಂತಿದ್ದ ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬಿಚ್ಚಿ ಇನ್ನೊಮ್ಮೆ ಕಟ್ಟಿದೆ, ಮತ್ತೊಮ್ಮೆ ಕಟ್ಟಿದೆ. ಮೂರನೆಯ ಸಲ ಮಾಸ್ಟರು ತಾಳ ನಿಲ್ಲಿಸಿದರು, ಆದರೂ ಕೈ ನಿಲ್ಲಲಿಲ್ಲ.

ಹೊರಡುವಾಗ ಅವರು ಇನ್ನೂ ಎರಡು ಮಾತು ಹೇಳಿಕೊಟ್ಟರು. ಗಂಟಿನ ಕೆಳಗೆ ಬೆರಳಿನಿಂದ ಒತ್ತಿ ಸಣ್ಣ ಗುಳಿ ಬರಿಸಬೇಕು, ಆಗಲೇ ಟೈಗೆ ಜೀವ ಬರುವುದು. ಬೇರೆಯವರಿಗೆ ಕಟ್ಟುವಾಗ ಎದುರಿಗೆ ನಿಲ್ಲಬಾರದು, ಬೆನ್ನ ಹಿಂದೆ ನಿಲ್ಲಬೇಕು. "ಅವರ ಕತ್ತು ನಿಮ್ಮ ಕತ್ತು ಅಂದ್ಕೊಳ್ಳಿ, ಅಷ್ಟೇ."

ಉಳಿದ ಆರು ದಿನ ನಾನು ನೆಲದ ಮೇಲೆ ಇರಲಿಲ್ಲ. ಬ್ಲೌಸಿನ ಅಳತೆ ಕೊಡಲು ಬಂದವರಿಗೆ ಕಟ್ಟಿ ತೋರಿಸಿದೆ. ಮಗಳಿಗೆ ಕಲಿಸಿದೆ, ಅವಳು ಎಲಾಸ್ಟಿಕ್ ಟೈ ಬಿಟ್ಟು ಹಸಿರು ಟೈ ಕಟ್ಟಿಕೊಂಡು ಶಾಲೆಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ನನ್ನ ಗಂಡನ ಹಿಂದೆ ನಿಂತು ಕಟ್ಟಿದ ಗಂಟನ್ನು ಅವರು ಕನ್ನಡಿಯಲ್ಲಿ ಕತ್ತು ಆಚೆ ಈಚೆ ತಿರುಗಿಸಿ ನೋಡಿಕೊಂಡರು. "ಇದನ್ನ ಬಿಚ್ಬೇಡ ಕಣೆ, ಇವತ್ತು ಹಾಕ್ಕಂಡೇ ಹೋಗ್ತೀನಿ," ಅಂದರು.

ಮದುವೆ ಪಾವಗಡದ ಒಂದು ಕಲ್ಯಾಣ ಮಂಟಪದಲ್ಲಿ. ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆ. ಐದೂವರೆಗೇ ತಮ್ಮನನ್ನು ವರನ ಕೋಣೆಯಲ್ಲಿ ನಿಲ್ಲಿಸಿ, ಅವನು ನನಗಿಂತ ಒಂದು ತಲೆ ಎತ್ತರವಾದ್ದರಿಂದ ಒಂದು ಸ್ಟೂಲ್ ತರಿಸಿ, ಅದರ ಮೇಲೆ ಹತ್ತಿ ಬೆನ್ನ ಹಿಂದೆ ನಿಂತೆ. ಮರೂನ್ ಟೈಯನ್ನು ಅಂಗಡಿಯಿಂದ ತಂದಮೇಲೆ ಮೊದಲ ಸಲ ಸರಿಯಾಗಿ ಕಟ್ಟುತ್ತಿದ್ದೆ. ರೇಷ್ಮೆ ನನ್ನ ಹಸಿರು ಬಟ್ಟೆಯಂತಲ್ಲ, ಬೆರಳಿಗೆ ಸಿಗದೆ ಜಾರುತ್ತದೆ. ಒಂದು, ಎರಡು, ಮೂರು, ಬೆರಳು, ನಾಲ್ಕು. ಗಂಟು ಏರಿತು. ಗುಳಿ ಬಂತು. ತುದಿ ಸರಿಯಾಗಿ ಬೆಲ್ಟಿನ ಬಕ್ಕಲ್ಲಿಗೆ ತಾಗಿತು. ಸ್ಟೂಲಿನಿಂದ ಇಳಿದು ಮುಂದೆ ಬಂದು ನೋಡಿದೆ. ಎಣ್ಣೆ ಮಸಿಯ ಅಂಗಿಯಲ್ಲೇ ನಾನು ಕಂಡಿದ್ದ ತಮ್ಮ, ಯಾವುದೋ ದೊಡ್ಡ ಸಭೆಗೆ ಹೊರಟವನಂತೆ ನಿಂತಿದ್ದ. ಅವನೂ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

ಆಗ ಹೆಣ್ಣಿನ ಕಡೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿದಳು. "ನಿಮ್ಮನ್ನ ನಮ್ಮಕ್ಕ ಕರೀತಾ ಅವ್ಳೆ. ಒಂದು ನಿಮಿಷ ಬರ್ಬೇಕಂತೆ."

ವಧುವಿನ ಕೋಣೆಗೆ ಹೋದೆ. ಆಕೆ ಅಲಂಕಾರ ಮುಗಿಸಿ, ಹಸಿರು ಬಳೆ ತುಂಬಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಾವಗಡದ ಅವರ ಮನೆಯಲ್ಲಿ ತೆಲುಗಿನವರಂತೆ ಗಂಡನ ಅಕ್ಕನಿಗೆ ವದಿನ ಅನ್ನುತ್ತಾರೆ. ಆಕೆ ಹಾಗೇ ಕರೆದಳು.

"ವದಿನಾ, ಅವ್ರು ಟೈ ಕಟ್ಕಂಡ್ರಾ?"

"ಆಯ್ತು ಕಣಮ್ಮ. ನಾನೇ ಕಟ್ದೆ. ನೋಡ್ತೀಯಂತೆ ಬಾ, ಹೆಂಗೆ ಕೂತೈತೆ ಅಂತ," ಎಂದೆ ಉಬ್ಬಿಕೊಂಡು.

ಆಕೆ ನಕ್ಕಳು, ಆದರೆ ನಗು ಕಣ್ಣಿಗೆ ಬರಲಿಲ್ಲ. "ಹೌದಾ. ಒಳ್ಳೇದಾಯ್ತು," ಅಂದು ಬಳೆಗಳನ್ನು ತಿರುಗಿಸತೊಡಗಿದಳು.

"ಯಾಕಮ್ಮ? ಏನಾದ್ರೂ ತಪ್ಪಾಯ್ತಾ?"

"ಏನೂ ಇಲ್ಲ ವದಿನಾ."

ನಾನು ಬಿಡಲಿಲ್ಲ. ಪಕ್ಕದಲ್ಲಿ ಕೂತು ಕೇಳಿದೆ. ಆಕೆ ತಲೆ ಬಗ್ಗಿಸಿಕೊಂಡೇ ಹೇಳಿದಳು. "ನಾನೇ ಕಟ್ಟಾಣ ಅಂತ ಇದ್ದೆ. ಒಂದು ತಿಂಗ್ಳಿಂದ ಕಲ್ತಿದೀನಿ. ಅದಕ್ಕೇ ಗಂಟಿಲ್ದಿರಾದೇ ಬೇಕು ಅಂದಿದ್ದು. ಅಂಗಡಿ ಹುಡುಗ ಗಂಟು ಹಾಕಿ ಕೊಟ್ಟಿದ್ದು ನಂಗೊತ್ತೇ ಇರ್ಲಿಲ್ಲ."

ಅವರ ಪ್ಲಾಂಟನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರಂತೆ. ಕಣ್ಣು ಹಾಯುವವರೆಗೂ ಹಾಸಿದ ಆ ಫಲಕಗಳ ನಡುವೆ, ಸುಡುವ ಬಿಸಿಲಿನಲ್ಲೂ, ಟೈ ಬಿಚ್ಚದೆ ಓಡಾಡುತ್ತಾರಂತೆ. ಈಕೆ ಕಂಟ್ರೋಲ್ ರೂಮಿನಲ್ಲಿ ಕೂತು ಅವರಿಗೆ ಎಲ್ಲ ವಿವರಿಸುತ್ತಾಳೆ. "ಅವ್ರು ನಿಂತ್ಕಳ ರೀತಿ ನೋಡಿ, ನಮ್ಮೋರೂ ಒಂದಿನ ಹಂಗೆ ನಿಂತ್ಕಬೇಕು ಅನ್ನುಸ್ತು. ನಾನೇ ಕಟ್ಟಿ ನಿಲ್ಲುಸ್ಬೇಕು ಅಂತ. ಊಟದ ಬಿಡುವಿನಾಗೆ ಚೇರಿನ ಬೆನ್ನಿಗೆ ಕಟ್ಟಿ ಕಟ್ಟಿ ಕಲ್ತೆ. ಯಾರ್ಗೂ ಹೇಳಿಲ್ಲ."

ತನ್ನ ಬ್ಯಾಗಿನಿಂದ ಒಂದು ಅಗ್ಗದ ಕಪ್ಪು ಟೈ ತೆಗೆದು ತೋರಿಸಿದಳು. ಕಟ್ಟಿ ಬಿಚ್ಚಿ ಅದರ ಅಂಚು ನವೆದಿತ್ತು.

ಒಂದು ಗಳಿಗೆ ನನ್ನೊಳಗೆ ಚುಳುಕ್ ಎಂದಿತು, ಸುಳ್ಳು ಹೇಳುವುದಿಲ್ಲ. ಎರಡು ವಾರ ಒದ್ದಾಡಿ ಕಲಿತು, ಈಗ ತಾನೇ ಅಷ್ಟು ಚೆನ್ನಾಗಿ ಕಟ್ಟಿ ಬಂದಿದ್ದೆ. ಆದರೆ ಆ ನವೆದ ಅಂಚನ್ನು ಬೆರಳಿನಲ್ಲಿ ಮುಟ್ಟಿದಾಗ ಬೇರೆ ಏನೂ ನೆನಪಿಗೆ ಬರಲಿಲ್ಲ. ನಾನು ಕೊರಟಗೆರೆಯಲ್ಲಿ ಗಂಡನ ಕತ್ತಿಗೆ ಸುತ್ತುತ್ತಿದ್ದ ದಿನಗಳಲ್ಲೇ ಈ ಹುಡುಗಿ ಅಷ್ಟು ದೂರದಲ್ಲಿ ಒಂದು ಕುರ್ಚಿಗೆ ಸುತ್ತುತ್ತಿದ್ದಳು. ಆವರೆಗೆ ಆಕೆ ನನಗೆ ತಮ್ಮನ ಹೆಂಡತಿಯಾಗುವವಳು ಅಷ್ಟೇ ಆಗಿದ್ದಳು.

"ಎಷ್ಟು ಸುತ್ತಿಂದು ಕಲ್ತಿದೀಯ?" ಎಂದು ಕೇಳಿದೆ.

"ನಾಲ್ಕೇ. ಸಲೀಸಾಗಿರಾದು."

"ಹಂಗಾದ್ರೆ ಸ್ಟೇಜಿಗೆ ಬಾ," ಎಂದು ಹೇಳಿ ಎದ್ದೆ.

ವರನ ಕೋಣೆಗೆ ಬಹುತೇಕ ಓಡಿಯೇ ಹೋದೆ. ತಮ್ಮ ಹೊರಡಲು ಬಾಗಿಲಿಗೆ ಬಂದಿದ್ದ. ನಿಲ್ಲಿಸಿ, ಗಂಟು ಹಿಡಿದು ಕೆಳಕ್ಕೆ ಎಳೆದೆ.

"ಅಕ್ಕಾ, ಏನ್ ಮಾಡ್ತಿದೀಯ? ಹೊರಗಡೆ ಜನ ಕಾಯ್ತಾ ಅವ್ರೆ."

"ಸುಮ್ನೆ ನಿಂತ್ಕಳೋ. ಕೇಳ್ಬೇಡ."

ಗಂಟನ್ನು ಪೂರ್ತಿ ಬಿಚ್ಚಿ, ಟೈಯನ್ನು ಕಾಲರಿನ ಕೆಳಗೆ ಸರಿಮಾಡಿ, ಎರಡು ತುದಿಗಳನ್ನು ಎದೆಯ ಮೇಲೆ ಇಳಿಬಿಟ್ಟೆ. ಅಗಲದ್ದು ಬಲಕ್ಕೆ, ಒಂದು ಗೇಣು ಉದ್ದ. ಅವನು ಹಾಗೇ ನಡೆದು ಬಂದದ್ದನ್ನು ಕಂಡು ಅಮ್ಮ ಗಾಬರಿಯಾದಳು. "ಲೇ, ಬಿಚ್ಚೋಗೈತೆ ನೋಡೇ, ನಾನು ಮುಟ್ಟಿಲ್ಲ ಕಣೆ," ಎಂದು ನನ್ನ ಕಿವಿಯಲ್ಲಿ ಅಂದಳು.

"ಗೊತ್ತು ಬುಡಮ್ಮ. ಬಾ, ಮುಂದೆ ನಿಂತ್ಕಂಡು ನೋಡು."

ತಮ್ಮ ಸ್ಟೇಜಿನ ಮೇಲೆ ನಿಂತ. ಆಕೆ ಬಂದು ಅವನ ಎದುರಿಗೆ ನಿಂತಳು, ಎರಡೂ ಕೈ ಎತ್ತಿ ಟೈಯ ತುದಿಗಳನ್ನು ಹಿಡಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಉಸಿರೂ ಬಿಡದೆ ನಿಂತುಬಿಟ್ಟ. ಕುರ್ಚಿಗಳಲ್ಲಿ ಕೂತಿದ್ದ ಜನ ಕತ್ತು ಚಾಚಿ ನೋಡಿದರು. ಫೋಟೋದವನು ಹತ್ತಿರ ಬಂದ.

ಒಂದು. ಎರಡು. ನನ್ನ ತುಟಿ ತಾನಾಗಿ ಎಣಿಸುತ್ತಿತ್ತು. ಕುರ್ಚಿಗೆ ಕಟ್ಟಿ ಕಲಿತವಳಿಗೆ ಎದುರಿನಿಂದ ಕಟ್ಟುವುದು ತೊಡಕೇ ಆಗಿರಲಿಲ್ಲ, ನನ್ನಿಂದ ಆಗದಿದ್ದದ್ದು ಅದೇ. ಮೂರನೆಯ ಸುತ್ತಿಗೆ ಅವಳ ಬಳೆಯ ಸಂದಿಗೆ ಸಣ್ಣ ತುದಿ ಸಿಕ್ಕಿಕೊಂಡಿತು. ಬಿಡಿಸಲು ಹೋದರೆ ಹಾಕಿದ ಸುತ್ತು ಸಡಿಲವಾಗುತ್ತಿತ್ತು. ಅವಳ ಹಣೆಯ ಮೇಲೆ ಬೆವರು ಮೂಡಿತು. ಕಣ್ಣು ಜನರ ನಡುವೆ ನನ್ನನ್ನು ಹುಡುಕಿತು.

ನಾನು ಸ್ಟೇಜಿನ ಮೆಟ್ಟಿಲು ಹತ್ತಿ ತಮ್ಮನ ಪಕ್ಕಕ್ಕೆ ಹೋದೆ. ಸಣ್ಣ ತುದಿಯನ್ನು ಬಳೆಯಿಂದ ಬಿಡಿಸಿ ಬಿಗಿಯಾಗಿ ಹಿಡಿದುಕೊಂಡೆ. "ಈಗ ಹಾಕು. ನಾನು ಹಿಡ್ದಿದೀನಿ," ಎಂದೆ. ಅವಳು ಬೆರಳು ಒಳಗಿಟ್ಟಳು, ಅಗಲದ ತುದಿಯನ್ನು ಮೇಲಕ್ಕೆ ತಂದಳು, ಬೆರಳು ತೆಗೆದು ಇಳಿಸಿದಳು. ಆಮೇಲೆ ನಾನು ಹಿಡಿದಿದ್ದ ತುದಿಯನ್ನು ಅವಳ ಕೈಗೆ ಕೊಟ್ಟು ಹಿಂದೆ ಸರಿದೆ. ಅವಳೇ ಗಂಟನ್ನು ಮೇಲೆ ತಳ್ಳಿದಳು.

ಗಂಟು ಎಡಕ್ಕೆ ಒಂದು ಚೂರು ವಾಲಿತ್ತು. ಗುಳಿ ಬಂದಿರಲಿಲ್ಲ. ಜನ ಚಪ್ಪಾಳೆ ಹೊಡೆದರು, ಯಾರೋ ಶಿಳ್ಳೆ ಹಾಕಿದರು. ಫೋಟೋದವನು ಟೈ ಸರಿಮಾಡಲು ಕೈ ಮುಂದೆ ತಂದಾಗ ತಮ್ಮ ಅವನ ಕೈ ತಡೆದ. "ಇರ್ಲಿ, ಮುಟ್ಬೇಡಿ. ಹಿಂಗೇ ತೆಗೀರಿ," ಅಂದ. ಅವನ ದನಿಯಲ್ಲಿ ಅಂಥ ಗಟ್ಟಿತನವನ್ನು ನಾನು ಹಿಂದೆ ಕೇಳಿರಲಿಲ್ಲ. ಆಲ್ಬಮ್ಮಿನ ಅಷ್ಟೂ ಫೋಟೋದಲ್ಲಿ ಟೈ ಎಡಕ್ಕೆ ವಾಲಿಕೊಂಡೇ ಇದೆ.

ಊಟಕ್ಕೆ ಏಳುವ ಹೊತ್ತಿಗೆ ಹುಡುಗಿಯ ತಂದೆ ನನ್ನ ಹತ್ತಿರ ಬಂದರು. ಬಿಳಿ ಅಂಗಿ, ಅಂಚಿನ ಪಂಚೆ, ಹೆಗಲ ಮೇಲೆ ಶಲ್ಯ. ಅವರ ಕೈಯಲ್ಲಿ ಮಗಳ ಆ ಕಪ್ಪು ಟೈ ಇತ್ತು. ಯಾರಾದರೂ ನೋಡುತ್ತಾರೇನೋ ಎಂದು ಅತ್ತ ಇತ್ತ ನೋಡಿ, ಮೆಲ್ಲಗೆ ಕೇಳಿದರು. "ಅಮ್ಮಾ, ಪಂಚೆ ಮ್ಯಾಲೆ ಇದನ್ನ ಕಟ್ಬೌದಾ? ಬಾಗುಂಟುಂದಾ?" ಚೆನ್ನಾಗಿರುತ್ತದಾ ಎಂದು ಕೇಳುವಾಗ ಅವರ ಮಾತು ತೆಲುಗಿಗೆ ಜಾರಿತ್ತು.

"ಯಾಕೆ ಕಟ್ಬಾರ್ದು ಬೀಗ್ರೆ? ಕೂತ್ಕಳಿ," ಎಂದೆ.

ಅವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಹಿಂದೆ ನಿಂತು ಕಟ್ಟಿದೆ. ಗುಳಿ ಚೆನ್ನಾಗಿ ಬಂತು. ಮಗಳು ಸ್ಟೇಜಿನಿಂದ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅವರು ಗಂಭೀರವಾಗಿ ಎದ್ದು ಮಗಳು ಅಳಿಯನ ಮಧ್ಯೆ ನಿಂತು ಒಂದು ಫೋಟೋ ತೆಗೆಸಿಕೊಂಡರು. ಆಮೇಲೆ ಟೈ ಬಿಚ್ಚಲು ಒಪ್ಪದೆ ಹಾಗೇ ಪಂಕ್ತಿಗೆ ಬಂದು ನನ್ನ ಎದುರಿನ ಸಾಲಿನಲ್ಲಿ ಕೂತರು. ಎಲೆಯ ಮೇಲೆ ಬಿಸಿ ಅನ್ನ ಬಿತ್ತು, ಅದರ ಮೇಲೆ ಸಾರು. ಕಲಸಲು ಬಗ್ಗಿದಾಗ ಟೈಯ ತುದಿ ಎಲೆಗೆ ತಾಗಲು ಬಂತು. ಅವರು ಅದನ್ನು ಎಡಗೈಯಲ್ಲಿ ಹಿಡಿದು, ಟವಲಿನಂತೆ ಹೆಗಲ ಮೇಲೆ ಎಸೆದುಕೊಂಡು, ಊಟ ಮಾಡಿದರು.